ಸುಣ್ಣದ ಬೊಟ್ಟು ಮತ್ತು ಏಳು ಮನೆಯ ಚಾರ್ಟು

ಹದಿನಾರು ವರ್ಷ ಕಂಪನಿಯಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಬಾಳೆಗೊನೆ ಮುಟ್ಟಿ ನೋಡಿ ‘ಇದು ಆಗ್ತದ, ಇದು ಆಗಂಗಿಲ್ಲ’ ಅಂತ ಹೇಳುವುದು. ಕೊರಳಿಗೆ ತೂಗುಹಾಕಿಕೊಳ್ಳುವ ಕಾರ್ಡು ಮಾತ್ರ ಐದು ಸಲ ಬದಲಾಯಿತು. ಮೊದಲನೆಯದರಲ್ಲಿ ‘ಗ್ರೇಡರ್’ ಅಂತಿತ್ತು. ಎರಡನೆಯದರಲ್ಲಿ ‘ಕ್ವಾಲಿಟಿ ಅಸೋಸಿಯೇಟ್’. ಮೂರನೆಯದರಲ್ಲಿ ‘ಸೀನಿಯರ್ ಅಸೋಸಿಯೇಟ್, ಫ್ರೆಶ್’. ಆಗ ನನಗೆ ಐವತ್ತು ದಾಟಿತ್ತು, ಮನೆಯಲ್ಲಿ ಒಂದು ವಾರ ನಗೆ ನಿಲ್ಲಲಿಲ್ಲ. ನಾಲ್ಕನೆಯದು ನೆನಪಿಲ್ಲ, ಅದು ಎಂಟು ತಿಂಗಳಷ್ಟೇ ಇತ್ತು. ಐದನೆಯದು ‘ಪ್ರೊಸೆಸ್ ಓನರ್’. ಆ ಐದನೆಯ ಕಾರ್ಡಿನ ಸಲುವಾಗಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಈಗ ನಿವೃತ್ತನಾಗಿ ಕಲಬುರಗಿಯ ಮನೆಯಲ್ಲಿದ್ದೇನೆ. ಓಣಿಯ ಹುಡುಗ ಹುಡುಗಿಯರು ಕಂಪನಿ ಇಂಟರ್‌ವ್ಯೂಗೆ ಹೋಗುವ ಮುಂಚೆ ಬಂದು ಕೂಡುತ್ತಾರೆ. ‘ಲಾಡ್ಲೇ ಚಾಚಾ, ಅಲ್ಲಿ ಹೆಂಗಿರ್ತದ? ಏನ್ ಮಾತಾಡ್ಬೇಕು?’ ಅಂತ ಕೇಳುತ್ತಾರೆ. ಅವರು ಡಿಗ್ರಿ ಓದಿದವರು, ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಬಾಯಿಂದ ಹೇಳಿದರೆ ಒಬ್ಬೊಬ್ಬರಿಗೂ ಒಂದೊಂದು ಸಲ ಹೇಳಬೇಕು. ಬರೆದಿಟ್ಟರೆ ಬೇಕಾದವರು ಓದಿಕೊಳ್ಳುತ್ತಾರೆ ಅಂತ ಈ ನೋಟುಬುಕ್ಕು ಹಿಡಿದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಅನ್ನ ಕೊಟ್ಟ ಜಾಗ.

ನಾವು ಬಾಗವಾನರು, ಹಣ್ಣಿನ ವ್ಯಾಪಾರ ಮನೆತನದ್ದು. ಅಬ್ಬಾ, ಅಂದರೆ ನಮ್ಮ ತಂದೆ, ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಹಣ್ಣಿನ ಬಂಡಿ ಹಚ್ಚುತ್ತಿದ್ದರು. ಕಮಲಾಪುರದ ಕೆಂಪು ಬಾಳೆ ಅವರ ಬಂಡಿಗೆ ಹೆಸರು ತಂದದ್ದು. ನಾನು ಏಳನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಅವರ ಮೊಣಕಾಲು ಸೋತವು, ತೋಟ ತಿರುಗುವ ಕೆಲಸ ನನ್ನ ಮೇಲೆ ಬಿತ್ತು. ಅದಕ್ಕೆ ನನಗೆ ದುಃಖವಿಲ್ಲ. ಗೊನೆ ನೋಡುವುದನ್ನು ಕಲಿಸುವ ಶಾಲೆ ಬೇರೆ ಎಲ್ಲಿತ್ತು?

ಅಬ್ಬಾ ಕಲಿಸಿದ್ದು ಇಷ್ಟು. ಕಾಯಿಯ ಏಣು ಕರಗಿ ಮೈ ದುಂಡಾಗಿರಬೇಕು. ತುದಿಯಲ್ಲಿ ಒಣಗಿದ ಹೂವು ಬೆರಳು ತಾಗಿದರೆ ಉದುರಬೇಕು. ಬಣ್ಣ ಕೊನೆಗೆ ನೋಡಬೇಕು, ಬಣ್ಣ ಮೋಸ ಮಾಡುತ್ತದೆ. ಕೆಂಪು ಬಾಳೆ ಕಾಯಿದ್ದಾಗ ಕುಂಕುಮಕ್ಕೆ ಮಸಿ ಕಲಸಿದ ಹಾಗಿರುತ್ತದೆ, ಹಣ್ಣಾದರೆ ತಿಳಿಯಾಗಿ ಕೇಸರಿಗೆ ತಿರುಗುತ್ತದೆ. ಹಸಿರು ಅನ್ನುವುದೇ ಇಲ್ಲ. ಅಪರೂಪಕ್ಕೆ ಒಂದು ಗಿಡ ದಾರಿ ಬಿಟ್ಟು ಹಸಿರು ಗೊನೆ ಹಾಕುತ್ತದೆ. ತೋಟದವರು ಅದಕ್ಕೆ ‘ತಪ್ಪಿದ ಗೊನಿ’ ಅಂತಾರೆ. ಮಾರುವುದಿಲ್ಲ, ದನಕ್ಕೆ ಹಾಕುತ್ತಾರೆ.

ಗೊನೆ ಒಪ್ಪಿಗೆಯಾದರೆ ಅಬ್ಬಾ ಕಿಸೆಯಿಂದ ಹಿತ್ತಾಳೆಯ ಸುಣ್ಣದ ಡಬ್ಬಿ ತೆಗೆಯುತ್ತಿದ್ದರು. ಎಲೆಗೆ ಹಚ್ಚುವ ಸುಣ್ಣವನ್ನೇ ಬೆರಳ ತುದಿಗೆ ತೆಗೆದುಕೊಂಡು ಮೇಲಿನ ಚಿಪ್ಪಿನ ದೊಡ್ಡ ಕಾಯಿಯ ಮೇಲೆ ಒಂದು ಬೊಟ್ಟು ಇಡುತ್ತಿದ್ದರು. ಬೊಟ್ಟು ಬಿದ್ದ ಮೇಲೆ ತೋಟದವನು ಆ ಗೊನೆಯನ್ನು ಬೇರೆಯವರಿಗೆ ಕೊಡುವಂತಿಲ್ಲ, ನಾವು ಬಿಟ್ಟು ಬರುವಂತಿಲ್ಲ. ಕಾಗದವಿಲ್ಲ, ಸಾಕ್ಷಿಯಿಲ್ಲ. ಅಬ್ಬಾ ಹೋದ ಮೇಲೆ ಡಬ್ಬಿ ನನ್ನ ಕಿಸೆಗೆ ಬಂತು. ನನಗೆ ಎಲೆ ಅಡಿಕೆಯ ಚಟವಿಲ್ಲ, ಆ ಡಬ್ಬಿ ಇದ್ದದ್ದು ಬೊಟ್ಟಿಗೆ ಮಾತ್ರ.

ಆಮೇಲೆ ಕಂಪನಿ ಬಂತು. ಕಮಲಾಪುರದಲ್ಲಿ ಹಣ್ಣು ಕೊಳ್ಳುವ ಶೆಡ್ಡು, ಕಲಬುರಗಿಯ ಸೇಡಂ ರಸ್ತೆಯಲ್ಲಿ ಎರಡನೆಯ ಮಹಡಿಯ ಆಫೀಸು, ಅದರ ಮೇಲೆ ಹೈದರಾಬಾದು, ಅದರ ಮೇಲೆ ಮುಂಬೈ. ಗೊನೆ ನೋಡುವವರು ಬೇಕಾಗಿತ್ತು, ನನ್ನನ್ನು ಕರೆದರು.

ಕಲಬುರಗಿ ಆಫೀಸಿನ ಮುಖ್ಯಸ್ಥರು ದೇಶಪಾಂಡೆ ಸಾಹೇಬರು. ಮನೆಯಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷ್, ಸಿಟ್ಟು ಬಂದರೆ ಮತ್ತು ನನ್ನ ಜೊತೆ ಕನ್ನಡ. ಆ ಆಫೀಸಿನಲ್ಲಿ ಯಾರು ಎಷ್ಟು ದೊಡ್ಡವರು ಅಂತ ತಿಳಿಯಲು ಕಾರ್ಡು ಓದಬೇಕಿರಲಿಲ್ಲ, ಕುರ್ಚಿ ನೋಡಿದರೆ ಸಾಕಿತ್ತು. ಹೊಸಬರಿಗೆ ಕೈ ಇಲ್ಲದ ಕುರ್ಚಿ. ಆಮೇಲೆ ಕೈ ಇರುವ ಕುರ್ಚಿ. ಆಮೇಲೆ ಕೈಯೂ ಗಾಲಿಯೂ ಇರುವುದು. ಸಾಹೇಬರದಕ್ಕೆ ಕೈ, ಗಾಲಿ, ಮೇಲೆ ತಲೆ ಆನಿಸಲು ಒಂದು ದಿಂಬು. ಹೈದರಾಬಾದಿನ ಅಧಿಕಾರಿ ಬಂದ ದಿನ ದಿಂಬಿನ ಕುರ್ಚಿ ಅವರಿಗೆ ಹೋಗುತ್ತಿತ್ತು. ದೇಶಪಾಂಡೆ ಸಾಹೇಬರು ಒಂದು ಕುರ್ಚಿ ಕೆಳಗೆ ಇಳಿಯುತ್ತಿದ್ದರು, ಅಲ್ಲಿದ್ದವರು ಇನ್ನೊಂದು ಕೆಳಗೆ. ಹೀಗೆ ಇಳಿಯುತ್ತ ಇಳಿಯುತ್ತ ಕಡೆಗೆ ಒಬ್ಬ ಉಳಿಯುತ್ತಿದ್ದ. ನಾನು ಹೋದ ದಿನ ಆ ಒಬ್ಬ ನಾನೇ. ಗೋಡೆಗೆ ಆನಿಕೊಂಡು ನಿಲ್ಲುವುದು ನನಗೆ ರೂಢಿಯಾಗಿತ್ತು.

ಕಮಲಾಪುರದ ಶೆಡ್ಡಿನಲ್ಲಿ ಈ ತೊಂದರೆ ಇರಲಿಲ್ಲ. ಅಲ್ಲಿ ಕ್ರೇಟು ಬೋರಲು ಹಾಕಿ ಕೂಡಬೇಕು, ಕೂತರೆ ಎಲ್ಲರೂ ಒಂದೇ ಎತ್ತರ. ಅದಕ್ಕೇ ಏನೋ, ದೊಡ್ಡವರು ಅಲ್ಲಿಗೆ ಬಂದರೆ ನಿಂತೇ ಮಾತಾಡಿ ಹೋಗುತ್ತಿದ್ದರು.

ಮೊದಲ ವರ್ಷ ಅವರ ಮಾತು ನನಗೆ ತಿಳಿಯುತ್ತಿರಲಿಲ್ಲ. ನಿಧಾನಕ್ಕೆ ತಿಳಿಯಿತು. ‘ಬ್ಯಾಂಡ್‌ವಿಡ್ತ್ ಇಲ್ಲ’ ಅಂದರೆ ಮನಸ್ಸಿಲ್ಲ. ‘ಇದನ್ನ ಆಫ್‌ಲೈನ್ ಮಾತಾಡೋಣ’ ಅಂದರೆ ಇನ್ನು ಮಾತಾಡುವುದಿಲ್ಲ. ‘ಎಲ್ಲಾರೂ ಅಲೈನ್ ಆಗೀವಿ’ ಅನ್ನುವುದರ ಅರ್ಥ ತಿಳಿಯಲು ಬಹಳ ವರ್ಷ ಹಿಡಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನನ್ನ ತಪ್ಪೊಂದು. ಹೈದರಾಬಾದಿಗೆ ಹೋಗುವ ಗಾಡಿಯಲ್ಲಿ ಒಂದು ಕ್ರೇಟಿನ ತಳದಲ್ಲಿ ಹಣ್ಣಾದ ಚಿಪ್ಪೊಂದು ಉಳಿದುಹೋಯಿತು. ಬಾಳೆಯ ಗುಣವೇ ಹಾಗೆ, ಒಂದು ಹಣ್ಣಾದರೆ ಅದರ ಗಾಳಿಗೆ ಪಕ್ಕದ್ದೂ ಹಣ್ಣಾಗುತ್ತದೆ. ಅಲ್ಲಿಯ ಗೋದಾಮಿನಲ್ಲಿ ಎರಡು ದಿನ ನಿಲ್ಲುವಷ್ಟರಲ್ಲಿ ಅರ್ಧ ಲೋಡು ಮೆತ್ತಗಾಗಿತ್ತು. ಅದೇ ವಾರ ದೇಶಪಾಂಡೆ ಸಾಹೇಬರು ಯಾವುದೋ ತರಬೇತಿಯಿಂದ ಬಂದಿದ್ದರು. ಏನೇ ತಪ್ಪಾದರೂ ಐದು ಸಲ ‘ಯಾಕೆ’ ಅಂತ ಕೇಳಿದರೆ ಬೇರು ಸಿಗುತ್ತದೆ ಅಂತ ಅಲ್ಲಿ ಕಲಿತಿದ್ದರು. ಎಲ್ಲರನ್ನೂ ಕೂಡಿಸಿ ಬೋರ್ಡಿನ ಮೇಲೆ ಒಂದರ ಕೆಳಗೊಂದು ಐದು ಗೆರೆ ಎಳೆದರು.

‘ಲೋಡ್ ಯಾಕ ಹಣ್ಣಾತು?’

‘ಒಂದು ಚಿಪ್ಪು ಮೊದಲಽ ಹಣ್ಣಾಗಿತ್ರಿ ಸಾಹೇಬ್ರ.’

‘ಅದು ಯಾಕ ಒಳಗ ಹೋತು?’

‘ನಾ ನೋಡ್ಲಿಲ್ರಿ. ತಪ್ಪು ನಂದ ಅದ.’

‘ತಪ್ಪು ಗಿಪ್ಪು ಇಲ್ಲಿ ಮಾತಾಡಂಗಿಲ್ಲ. ಯಾಕ ನೋಡ್ಲಿಲ್ಲ?’

‘ಕ್ರೇಟ್ ತುಂಬುವಾಗ ಫೋನ್‌ನ್ಯಾಗ ಇದ್ನಿರೀ.’

‘ಫೋನ್‌ನ್ಯಾಗ ಯಾಕ ಇದ್ರಿ?’

‘ನೀವ ಫೋನ್ ಮಾಡಿದ್ರಿ.’

ನಾಲ್ಕು ಗೆರೆ ತುಂಬಿದ್ದವು. ಐದನೆಯದು ಖಾಲಿ ಇತ್ತು. ಸಾಹೇಬರು ಮಾರ್ಕರಿಗೆ ಮುಚ್ಚಳ ಹಾಕಿ, ‘ಇದನ್ನ ಆಫ್‌ಲೈನ್ ಮಾತಾಡೋಣ’ ಅಂದರು. ಅಂದಿನಿಂದ ನಮ್ಮ ಆಫೀಸಿನಲ್ಲಿ ನಾಲ್ಕೇ ‘ಯಾಕೆ’.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಅದನ್ನು ಯಾರೂ ಬೋರ್ಡಿನ ಮೇಲೆ ಬರೆಯಲಿಲ್ಲ, ನಾನೇ ಬರೆಯುತ್ತೇನೆ.

ಹೊಸ ಪದ್ಧತಿ ಬರುತ್ತದೆ, ಇನ್ನು ಕೈಯಿಂದ ನೋಡುವುದು ಬೇಡ, ಯಂತ್ರ ನೋಡುತ್ತದೆ ಅಂತ ಒಂದು ಹೋಟೆಲಿನ ಹಾಲಿನಲ್ಲಿ ಸಭೆ ಕರೆದರು. ಇಪ್ಪತ್ತೆರಡು ಪುಟದ ಪುಸ್ತಕ ಎಲ್ಲರ ಕೈಗೂ ಕೊಟ್ಟರು. ಎಲ್ಲ ಇಂಗ್ಲಿಷ್. ಹೈದರಾಬಾದಿನ ಅಧಿಕಾರಿ ಎರಡು ತಾಸು ಮಾತಾಡಿದರು. ಕೊನೆಗೆ ಒಂದು ಹಾಳೆ ಕೈಯಿಂದ ಕೈಗೆ ಬಂತು. ‘ಓದಿದ್ದೇನೆ, ತಿಳಿದುಕೊಂಡಿದ್ದೇನೆ’ ಅಂತ ಅದರ ತಲೆಬರಹ. ಪಕ್ಕದವರು ಹೇಳಿದ್ದರಿಂದ ನನಗೆ ಗೊತ್ತಾಯಿತು. ನನಗಿಂತ ಮೇಲೆ ಹನ್ನೊಂದು ಸಹಿ ಬಿದ್ದಿದ್ದವು. ‘ಏನಾದರೂ ಪ್ರಶ್ನೆ?’ ಅಂತ ಅಧಿಕಾರಿ ಕೇಳಿದರು. ನನಗೊಂದಿತ್ತು. ಇದರಲ್ಲಿ ಕೆಂಪು ಬಾಳೆಯ ಬಗ್ಗೆ ಏನು ಬರೆದಿದೆ? ಆದರೆ ಅದನ್ನು ಕೇಳಬೇಕಾದರೆ ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಅಂತ ಅಷ್ಟು ಜನರ ಮುಂದೆ ಹೇಳಬೇಕು. ತೋಟದಲ್ಲಿ ನಿಂತರೆ ಕೃಷಿ ಡಿಗ್ರಿಯವರು ನನ್ನನ್ನು ಕೇಳುತ್ತಾರೆ. ಅದೇ ಮನುಷ್ಯ ಈ ಹಾಲಿನಲ್ಲಿ ಎದ್ದು ನಿಂತು ಹೀಗೆ ಹೇಳುವುದೇ? ಪೆನ್ನು ತಗೊಂಡು ‘ಲಾಡ್ಲೇಸಾಬ ಬಾಗವಾನ’ ಅಂತ ಕನ್ನಡದಲ್ಲಿ ದುಂಡಗೆ ಸಹಿ ಹಾಕಿದೆ. ಅಧಿಕಾರಿ ಮೈಕಿನಲ್ಲಿ, ‘ಹಾಗಾದರೆ ಎಲ್ಲರೂ ಅಲೈನ್ ಆಗಿದ್ದೇವೆ’ ಅಂದರು. ಚಪ್ಪಾಳೆ ಆಯಿತು. ಹೊರಗೆ ಬರುವಾಗ ಐದನೆಯ ಕಾರ್ಡು ಕೊರಳಿಗೆ ಬಿತ್ತು. ಪ್ರೊಸೆಸ್ ಓನರ್.

ಯಂತ್ರದ ಜೊತೆ ನೇಹಾ ಮೇಡಂ ಬಂದರು. ನಾಸಿಕದ ಕಡೆಯವರು, ವಯಸ್ಸು ಇಪ್ಪತ್ತೈದು, ಕಮಲಾಪುರದ ಶೆಡ್ಡಿಗೆ ಕ್ವಾಲಿಟಿ ಅಧಿಕಾರಿ. ಅವರು ಹಿಂದಿ, ನಾನು ದಖನಿ ಉರ್ದು, ಮಾತು ಎಲ್ಲೂ ಸಿಕ್ಕಿಕೊಳ್ಳುತ್ತಿರಲಿಲ್ಲ. ನನ್ನನ್ನು ‘ಚಾಚಾ’ ಅನ್ನುತ್ತಿದ್ದರು. ಅವರ ಕೈಯಲ್ಲಿ ಒಂದು ಟ್ಯಾಬು, ಗೋಡೆಯ ಮೇಲೆ ಅವರು ತೂಗುಹಾಕಿದ ಒಂದು ಚಾರ್ಟು. ಚಾರ್ಟಿನಲ್ಲಿ ಏಳು ಮನೆ. ಮೊದಲ ಮನೆಯಲ್ಲಿ ಕಡು ಹಸಿರು ಬಾಳೆಕಾಯಿ, ಆಮೇಲೆ ತಿಳಿ ಹಸಿರು, ಹಾಗೇ ಹಳದಿಗೆ ತಿರುಗುತ್ತ ಏಳನೆಯ ಮನೆಯಲ್ಲಿ ಕಂದು ಕಲೆ ಬಿದ್ದು ಕೊಳೆಯಲು ಬಂದ ಹಣ್ಣು. ಕಾಯಿಯ ಫೋಟೊ ಹೊಡೆದರೆ ಅದು ಯಾವ ಮನೆಯದು ಅಂತ ಟ್ಯಾಬು ಹೇಳುತ್ತದೆ. ಎರಡನೆಯ ಮನೆಯದಾದರೆ ತಗೊಳ್ಳಬೇಕು. ಏಳನೆಯದಾದರೆ ವಾಪಸು.

ಮೊದಲ ಸೋಮವಾರ ಚಂದ್ರಶಾ ಅಣ್ಣನ ಟೆಂಪೊ ಬಂತು. ಅವನದು ಅಬ್ಬಾನ ಕಾಲದಿಂದ ನಮಗೆ ಗೊನೆ ಕೊಡುವ ಮನೆ. ನಲವತ್ತು ಗೊನೆ, ಎಲ್ಲಕ್ಕೂ ನಾಲ್ಕು ದಿನದ ಹಿಂದೆ ನಾನೇ ತೋಟಕ್ಕೆ ಹೋಗಿ ಇಟ್ಟ ಬೊಟ್ಟು. ನಡುವೆ ಬೀದರಿನ ವ್ಯಾಪಾರಿಯೊಬ್ಬ ಕೇಳಲು ಬಂದಿದ್ದನಂತೆ, ಅಣ್ಣ ಬೊಟ್ಟು ತೋರಿಸಿ ಅವನನ್ನು ಕಳಿಸಿದ್ದ. ಟೆಂಪೊದ ಮೂಲೆಯಲ್ಲಿ ಒಂದು ತಪ್ಪಿದ ಗೊನೆಯೂ ಬಿದ್ದಿತ್ತು. ದಾರಿಯಲ್ಲಿ ತಂಗಿಯ ಮನೆಯ ಎಮ್ಮೆಗೆ ಅಂತ ಹಾಕಿಕೊಂಡದ್ದು.

ನೇಹಾ ಮೇಡಂ ಮೊದಲ ಗೊನೆಯ ಫೋಟೊ ಹೊಡೆದರು. ಟ್ಯಾಬು ಏಳು ಅಂತು. ಎರಡನೆಯದು, ಏಳು. ಹತ್ತನೆಯದು, ಏಳು. ಅದಕ್ಕೆ ತಿಳಿದ ಬಣ್ಣಗಳಲ್ಲಿ ಕೆಂಪಿಗೆ ಹತ್ತಿರದ್ದು ಕೊಳೆತ ಬಾಳೆಯ ಬಣ್ಣವೊಂದೇ. ನಲವತ್ತೂ ಏಳೇ. ಕೊನೆಗೆ ಅವರು ಗೊತ್ತಿಲ್ಲದೆ ಮೂಲೆಯ ಹಸಿರು ಗೊನೆಯ ಫೋಟೊ ಹೊಡೆದರು. ಟ್ಯಾಬಿಗೆ ಖುಷಿಯಾಗಿ ಹಸಿರು ದೀಪ ಹತ್ತಿತು. ಎರಡು. ಅಕ್ಸೆಪ್ಟ್.

ಚಂದ್ರಶಾ ಅಣ್ಣ ರುಮಾಲು ಸರಿಮಾಡಿಕೊಂಡು ಹೇಳಿದ: ‘ಮೇಡಮ್ಮಾರ, ಈ ಯಂತ್ರ ನಮ್ಮ ತಂಗಿ ಎಮ್ಮಿಗೆ ಕೊಟ್ಟುಬಿಡ್ರಿ. ಎರಡರದೂ ರುಚಿ ಒಂದ ಅದ.’

ಮೇಡಂಗೆ ಕನ್ನಡ ತಿಳಿಯಲಿಲ್ಲ, ಸುತ್ತಲಿನವರ ನಗೆ ತಿಳಿಯಿತು. ‘ನಾನೇನು ಮಾಡಲಿ ಚಾಚಾ, ಸಿಸ್ಟಮ್ ತಗೊಳ್ತಾ ಇಲ್ಲ’ ಅಂತ ಹಿಂದಿಯಲ್ಲಿ ಅಂದರು. ಕಣ್ಣು ತುಂಬಿದ್ದವು.

ಅಣ್ಣ ನನ್ನ ಕಡೆ ತಿರುಗಿದ. ‘ಲಾಡ್ಲ್ಯಾ, ಬೊಟ್ಟು ನಿಂದ ಅದಲ್ಲ?’

‘ನಂದ ಅದ ಅಣ್ಣ.’

‘ಮತ್ತ?’

‘ಇಳಸು. ನಾ ನೋಡ್ಕೋತೀನಿ.’

‘ನೋಡ್ಕೊ. ನೀ ಹೆಂಗ ನೋಡ್ಕೋತಿ ಅಂತ ಊರೆಲ್ಲ ನೋಡಾಕತ್ತದ. ಈ ಗೊನಿ ತಿರುಗಿ ನನ್ನ ಮನಿಗೆ ಬಂದ್ವು ಅಂದ್ರ ಆ ಡಬ್ಬಿ ನಿನ್ನ ಕಿಸೆದಾಗೇ ಇರ್ಲಿ. ಕಮಲಾಪುರದಾಗ ಯಾರ ತ್ವಾಟದಾಗೂ ತೆಗೀಬ್ಯಾಡ.’

ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದು ಹೇಳಿದ. ಹಸಿರು ಗೊನೆಯನ್ನೂ ನಗುತ್ತ ಅಲ್ಲೇ ಇಳಿಸಿ ಹೋದ, ‘ಪಾಸಾಗಿದ್ದನ್ನ ನಾ ಯಾಕ ತಿರುಗಿ ಒಯ್ಯಲಿ?’ ಅಂತ.

ನೇಹಾ ಮೇಡಂ ಅಂದೇ ಕಲಬುರಗಿಗೆ ಮೇಲ್ ಹಾಕಿದರು: ಹಣ್ಣು ಚೆನ್ನಾಗಿದೆ, ಯಂತ್ರ ಬೇಡ ಅನ್ನುತ್ತಿದೆ, ಏನು ಮಾಡಲಿ? ಮಂಗಳವಾರ ದೇಶಪಾಂಡೆ ಸಾಹೇಬರು ಅದನ್ನು ಹೈದರಾಬಾದಿಗೆ ಕಳಿಸಿದರು. ಬುಧವಾರ ಹೈದರಾಬಾದು, ಇನ್ನಷ್ಟು ಡೇಟಾ ಬೇಕು ಅಂತು. ನಲವತ್ತು ಗೊನೆಯ ಫೋಟೊ ಹೋದವು. ಗುರುವಾರ ಅದು ಮುಂಬೈಗೆ ಹೋಯಿತು. ಪ್ರತಿಯೊಬ್ಬರೂ ಮೇಲೆ ಕಳಿಸುವಾಗ ಇನ್ನಿಬ್ಬರ ಹೆಸರು ಸೇರಿಸುತ್ತಿದ್ದರು. ಸೋಮವಾರ ಇಬ್ಬರ ನಡುವಿನ ಮಾತಾಗಿದ್ದದ್ದು ಗುರುವಾರಕ್ಕೆ ಹದಿನೇಳು ಜನರದಾಗಿತ್ತು. ಹದಿನೇಳು ಜನರಲ್ಲಿ ಬಾಳೆ ಮುಟ್ಟಿದವರು ಇಬ್ಬರೇ. ಶುಕ್ರವಾರ ಬೆಳಿಗ್ಗೆ ಮುಂಬೈಯಿಂದ ಉತ್ತರ ಬಂತು. ಬರುವ ಸೋಮವಾರ ಹನ್ನೊಂದಕ್ಕೆ ವಿಡಿಯೊ ಕಾಲಿನಲ್ಲಿ ಚರ್ಚಿಸೋಣ.

ಶುಕ್ರವಾರ ಬೆಳಿಗ್ಗೆ ನಾನು ಶೆಡ್ಡಿನ ಬಾಗಿಲು ತೆಗೆದಾಗಲೇ ವಾಸನೆ ಬಂತು. ಮೂರು ಗೊನೆ ಕೇಸರಿಗೆ ತಿರುಗಿದ್ದವು. ಮೂರು ತಿರುಗಿದವೆಂದರೆ ನಾಳೆಗೆ ಹದಿನೈದು, ನಾಡಿದ್ದಿಗೆ ಎಲ್ಲ. ಸೋಮವಾರ ಹನ್ನೊಂದಕ್ಕೆ ಚರ್ಚಿಸಲು ಅಲ್ಲಿ ನೊಣಗಳಷ್ಟೇ ಉಳಿಯುತ್ತಿದ್ದವು.

ದೇಶಪಾಂಡೆ ಸಾಹೇಬರಿಗೆ ಫೋನ್ ಹಚ್ಚಿದೆ.

‘ಲಾಡ್ಲೇಸಾಬ್, ನಾ ಒಬ್ಬಾವ ಏನ್ ಮಾಡ್ಲಿ? ಟ್ಯಾಬ್‌ನ್ಯಾಗ ರಿಜೆಕ್ಟ್ ಒತ್ತಿಬಿಡ್ರಿ, ವಾಪಸ್ ಕಳಸ್ರಿ. ಫೈಲ್ ಕ್ಲೋಸ್ ಆಗ್ತದ.’

‘ನಾ ಒತ್ತಂಗಿಲ್ರಿ. ಬೊಟ್ಟು ಇಟ್ಟೀನಿ.’

‘ಬೊಟ್ಟು ಗಿಟ್ಟು ಸಿಸ್ಟಮ್‌ನ್ಯಾಗ ಇಲ್ರೀ! ನೀವ ಒತ್ತಬೇಕು. ಪ್ರೊಸೆಸ್ ಓನರ್ ಯಾರು? ನೀವ ಹೌದಲ್ಲೋ?’

ಆ ಕಾರ್ಡು ನನ್ನ ಎದೆಯ ಮೇಲೆ ತೂಗುತ್ತಿತ್ತು.

‘ಹೌದ್ರಿ. ಓನರ್ ನಾನ ಅದೀನಿ ಅಂದ್ರ ಗಾಡಿ ತುಂಬಸ್ತೀನಿ.’

ಸಾಹೇಬರು, ‘ನಾ ಈಗ ಮೀಟಿಂಗ್‌ನ್ಯಾಗ ಅದೀನಿ. ನನಗೇನೂ ಕೇಳಿಸ್ಲಿಲ್ಲ’ ಅಂತ ಫೋನ್ ಇಟ್ಟರು. ಒಳ್ಳೆಯ ಮನುಷ್ಯ.

ಗಾಡಿ ತುಂಬಿದೆವು. ಗೇಟಿನಲ್ಲಿ ಕಾವಲಿನವನು ಪಾಸು ಕೇಳಿದ. ಟ್ಯಾಬು ಒಪ್ಪಿದ ಮಾಲಿಗೆ ಮಾತ್ರ ಪಾಸು ಹುಟ್ಟುತ್ತದೆ. ಆ ಇಡೀ ವಾರ ಅದು ಒಪ್ಪಿದ್ದು ಒಂದೇ, ಎಮ್ಮೆಯ ಗೊನೆ. ನೇಹಾ ಮೇಡಂ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವರು ಆ ಒಂದು ಗೊನೆಯ ಪಾಸು ತೆಗೆದುಕೊಟ್ಟರು. ನಾನು ಪೆನ್ನಿನಿಂದ ಕೆಳಗೆ ಬರೆದೆ: ‘ಮತ್ತು ಇದರ ಜೊತೆ ಬಂದವು’. ಕಾವಲಿನವನು ನಂಬರು ಸರಿಯಿದೆ ಅಂತ ನೋಡಿಕೊಂಡು ಗೇಟು ತೆಗೆದ.

ಕೋಟನೂರಿನ ಕಂಪನಿ ಡಿಪೊದಲ್ಲಿ ಇಳಿಸಿ, ಮಧ್ಯಾಹ್ನಕ್ಕೆ ಸೇಡಂ ರಸ್ತೆಯ ಕಂಪನಿ ಅಂಗಡಿಗಳಿಗೆ ಹಂಚಿದೆವು. ಅರೆ ತಿರುಗಿದ ಕೆಂಪು ಬಾಳೆ ಮನೆಗೆ ಒಯ್ದು ಎರಡು ದಿನ ಇಟ್ಟುಕೊಳ್ಳಲು ಹೇಳಿ ಮಾಡಿಸಿದ ಹಾಗಿರುತ್ತದೆ. ಶನಿವಾರ ಸಂಜೆಗೆ ನಲವತ್ತೂ ಖಾಲಿ. ಒಂದು ಮಾತ್ರ ತಿರುಗಿ ಬಂತು. ‘ಕೆಂಪು ಬಾಳಿ ಕೇಳಿದವರಿಗೆ ಇದನ್ನ ಹೆಂಗ ಕೊಡ್ಲಿ?’ ಅಂತ ಅಂಗಡಿಯವನು ಹಸಿರು ಗೊನೆಯನ್ನು ಆಫೀಸಿಗೆ ಕಳಿಸಿದ್ದ.

ಸೋಮವಾರ ಹನ್ನೊಂದಕ್ಕೆ ಎಲ್ಲ ಕುರ್ಚಿಗಳೂ ತುಂಬಿದವು. ನಾನು ಗೋಡೆಗೆ ಆನಿ ನಿಂತೆ. ಪರದೆಯ ಮೇಲೆ ಮುಂಬೈ, ಹೈದರಾಬಾದಿನ ಮುಖಗಳು. ಅಲ್ಲಿ ಎಲ್ಲರ ಚೌಕವೂ ಒಂದೇ ಅಳತೆ, ಕುರ್ಚಿ ಕಾಣುವುದಿಲ್ಲ. ಯಾರು ಮಾತಾಡಿದಾಗ ಉಳಿದವರು ಸುಮ್ಮನಾಗುತ್ತಾರೆ ನೋಡಿ ದೊಡ್ಡವರನ್ನು ಗುರುತಿಸಬೇಕು. ಹಾಗೆ ಸುಮ್ಮನಾಗಿಸಿದವರು ಮುಂಬೈಯ ಒಬ್ಬ ಹೆಂಗಸು. ‘ಆ ಹಣ್ಣು ತೋರಿಸಿ’ ಅಂದರು.

ತೋರಿಸಲು ಇದ್ದದ್ದು ಒಂದೇ. ದೇಶಪಾಂಡೆ ಸಾಹೇಬರು ಹಸಿರು ಗೊನೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು.

‘ಚೆನ್ನಾಗಿದೆಯಲ್ಲ. ಏನು ತೊಂದರೆ?’ ಅಂದರು ಆಕೆ.

ಆಗ ನೇಹಾ ಮೇಡಂ ಎದ್ದರು. ಕೆಂಪು ಬಾಳೆಯ ಫೋಟೊ ತೋರಿಸಿದರು, ಪಕ್ಕದಲ್ಲಿ ಚಾರ್ಟು ಹಿಡಿದರು. ‘ಮೇಡಂ, ಈ ಚಾರ್ಟಿನಲ್ಲಿ ಕೆಂಪು ಇಲ್ಲವೇ ಇಲ್ಲ’ ಅಂದರು. ಅಷ್ಟೇ.

ಆಗ ಮುಂಬೈ ಕೇಳಿತು: ‘ಈ ಪದ್ಧತಿ ನೋಡಿ ಒಪ್ಪಿದವರು ಯಾರು?’ ಹೈದರಾಬಾದಿನ ಅಧಿಕಾರಿ, ಕಲಬುರಗಿ ತಂಡ ಓದಿ ಸಹಿ ಮಾಡಿದೆ ಅಂದರು. ದೇಶಪಾಂಡೆ ಸಾಹೇಬರು, ಕಮಲಾಪುರದ ಸಹಿ ಕೂಡ ಇದೆ ಅಂದರು. ಪರದೆಯ ಮೇಲೆ ಆ ಹಾಳೆ ಬಂತು. ಹನ್ನೊಂದು ಇಂಗ್ಲಿಷ್ ಸಹಿ, ಕೆಳಗೆ ದುಂಡಗೆ ನನ್ನದು. ಕೆಳಗಿನದು ಅಂದ ಮೇಲೆ ಎಲ್ಲರ ಕಣ್ಣೂ ಅಲ್ಲಿಗೇ ಬಂದು ನಿಂತವು.

ಗೋಡೆ ಬಿಟ್ಟು ಮುಂದೆ ಬಂದೆ. ನನ್ನ ಹಿಂದಿಯಲ್ಲಿ ಹೇಳಿದೆ: ‘ಸಹಿ ನನ್ನದು. ಓದಲಿಲ್ಲ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಕೇಳಲು ನಾಚಿಕೆಯಾಯಿತು. ಕೇಳಿದ್ದರೆ ಅಂದೇ ಹೇಳುತ್ತಿದ್ದೆ, ಕಮಲಾಪುರದ ಬಾಳೆ ಈ ಏಳು ಮನೆಯಲ್ಲಿ ಯಾವುದರಲ್ಲೂ ಕೂಡುವುದಿಲ್ಲ ಅಂತ. ಇಂಗ್ಲಿಷ್ ಬರುವವರು ಮೇಲೆ ಹನ್ನೊಂದು ಜನ ಇದ್ದಾರೆ. ಅವರಿಗೆ ಬಾಳೆ ಗೊತ್ತಿರಲಿಲ್ಲ, ನನಗೆ ಅಕ್ಷರ ಗೊತ್ತಿರಲಿಲ್ಲ.’

ಮುಂಬೈಯವರು ಏನೋ ಬರೆದುಕೊಂಡರು. ‘ಇದನ್ನು ಲರ್ನಿಂಗ್ ಅಂತ ತಗೊಳ್ಳೋಣ’ ಅಂದರು. ಪರದೆ ಕಪ್ಪಾಯಿತು.

ಎಲ್ಲರೂ ಹೋದ ಮೇಲೆ ದೇಶಪಾಂಡೆ ಸಾಹೇಬರು ಎರಡು ಚಹಾ ತರಿಸಿದರು. ನನ್ನನ್ನು ಗಾಲಿ ಕುರ್ಚಿಯಲ್ಲಿ ಕೂಡಿಸಿ, ಚಹಾ ಅರ್ಧ ಮುಗಿದ ಮೇಲೆ ಕಿಟಕಿಯ ಕಡೆ ನೋಡುತ್ತ, ‘ಲಾಡ್ಲೇಸಾಬ್, ನಾನೂ ಓದಿರ್ಲಿಲ್ರಿ’ ಅಂದರು. ಅಲೈನ್ ಆಗುವುದು ಅಂದರೆ ಏನಂತ ಅಂದು ಪೂರ್ತಿ ತಿಳಿಯಿತು.

ಆ ವಾರ ನನಗೆ ಎರಡು ಪತ್ರ ಬಂದವು. ಒಂದು, ಗೇಟ್ ಪಾಸಿನ ಮೇಲೆ ಕೈಯಿಂದ ಬರೆದದ್ದಕ್ಕೆ ಎಚ್ಚರಿಕೆ. ಇನ್ನೊಂದು, ಓನರ್‌ಶಿಪ್ ತೋರಿಸಿದ್ದಕ್ಕೆ ಪ್ರಶಂಸೆ. ಎರಡಕ್ಕೂ ಒಬ್ಬರದೇ ಸಹಿ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ, ಬಂದವರು ನೋಡಬಹುದು.

ಚಂದ್ರಶಾ ಅಣ್ಣನ ತೋಟಕ್ಕೆ ಹೋದೆ. ಅವನು ನೀರು ತಿರುಗಿಸುತ್ತಿದ್ದ.

‘ಹೋದ್ವೇನು ನನ್ನ ಗೊನಿ?’

‘ಎಲ್ಲಾ ಹೋದ್ವು. ಒಂದ ಉಳೀತು.’

‘ಯಾವುದು?’

‘ಪಾಸಾಗಿದ್ದು.’

ಸಲಿಕೆ ಊರಿಕೊಂಡು ನಕ್ಕ. ನಕ್ಕು ನಕ್ಕು ಕೆಮ್ಮು ಬಂತು. ಆಮೇಲೆ ಬಲಿತ ಒಂದು ಗೊನೆಯ ಎಲೆ ಸರಿಸಿ, ‘ಹೂಂ, ತೆಗಿ ಡಬ್ಬಿ’ ಅಂದ.

ನೇಹಾ ಮೇಡಂ ಅದಾದ ಮೇಲೆ ಎರಡು ವರ್ಷ ಕಮಲಾಪುರದಲ್ಲಿದ್ದರು. ದಿನಾ ಮಧ್ಯಾಹ್ನ ಕ್ರೇಟಿನ ಮೇಲೆ ಕೂತು ನನಗೆ ಇಂಗ್ಲಿಷ್ ಅಕ್ಷರ ಹೇಳಿಕೊಟ್ಟರು, ನಾನು ಅವರಿಗೆ ಏಣು ನೋಡುವುದನ್ನು ಕಲಿಸಿದೆ. ಅವರು ಬೇಗ ಕಲಿತರು.

ಕೆಂಪು ಬಾಳೆಗೆ ಹೊಸ ಚಾರ್ಟು ಬಂತು. ಫೋಟೊ ಎಲ್ಲ ಚಂದ್ರಶಾ ಅಣ್ಣನ ತೋಟದ್ದೇ. ಹೊಡೆಯುವ ಗಡಿಬಿಡಿಯಲ್ಲಿ ಮೂರನೆಯ ಮನೆಯ ಕಾಯಿಯ ಮೇಲೆ ನನ್ನ ಬೊಟ್ಟು ಹಾಗೇ ಉಳಿದಿತ್ತು, ಯಾರೂ ಗಮನಿಸಲಿಲ್ಲ. ಚಾರ್ಟು ಅಚ್ಚಾಗಿ ಊರೂರಿಗೆ ಹೋಯಿತು. ಎರಡು ತಿಂಗಳಾದ ಮೇಲೆ ತಮಿಳುನಾಡಿನ ಶೆಡ್ಡೊಂದರಿಂದ ಮೇಲ್ ಬಂತು. ಅಕ್ಷರಕ್ಕೆ ಅಕ್ಷರ ಕೂಡಿಸಿ ನಾನೇ ಓದಿದೆ. ನಮ್ಮ ಕೆಂಪು ಬಾಳೆಯಲ್ಲಿ ಬಿಳಿ ಚುಕ್ಕೆ ಬರುತ್ತಿಲ್ಲ, ರಿಜೆಕ್ಟ್ ಮಾಡೋಣವೇ? ‘ಅದು ಸುಣ್ಣ. ಒರಸಿದರೆ ಹೋಗುತ್ತದೆ’ ಅಂತ ನೇಹಾ ಮೇಡಂ ಕೈಯಿಂದ ಉತ್ತರ ಬರೆಸಿದೆ. ಆದರೆ ಮೇಲ್ ಅಷ್ಟರಲ್ಲಿ ಮೇಲೆ ಹೋಗಿಬಿಟ್ಟಿತ್ತು. ಮುಂಬೈಯವರು ಚುಕ್ಕೆಯ ಕಥೆ ಕೇಳಿ ಬಹಳ ಮೆಚ್ಚಿದರಂತೆ. ಮುಂದಿನ ಪುಸ್ತಕದಲ್ಲಿ ನಮ್ಮ ಅಬ್ಬಾನ ಬೊಟ್ಟಿಗೆ ಒಂದು ಸಾಲು ಉದ್ದದ ಇಂಗ್ಲಿಷ್ ಹೆಸರು ಬಂತು. ನಾನು ಅದನ್ನು ಎರಡು ಸಲ ಓದಿದೆ, ಬೊಟ್ಟು ಅಂತ ಎಲ್ಲೂ ಇರಲಿಲ್ಲ.

ನಿವೃತ್ತಿಯ ದಿನ ಆಫೀಸಿನಲ್ಲಿ ಹಾರ, ಶಾಲು, ಸಮೋಸ ಎಲ್ಲ ತಂದಿಟ್ಟಿದ್ದರು. ಅದಕ್ಕೂ ಮುಂಚೆ ಆರು ಪುಟದ ಕಾಗದಕ್ಕೆ ಸಹಿ ಬೇಕಿತ್ತು.

‘ಇಲ್ಲಿ, ಇಲ್ಲಿ, ಮತ್ತ ಇಲ್ಲಿ. ಲಗೂ ಮಾಡ್ರಿ, ಸಮೋಸಾ ಆರಾಕತ್ತಾವ’ ಅಂದರು ದೇಶಪಾಂಡೆ ಸಾಹೇಬರು.

‘ಓದಿ ಮಾಡ್ತೀನ್ರಿ.’

ಕನ್ನಡಕ ಹಾಕಿಕೊಂಡು ಕೂತೆ. ಒಂದು ತಾಸಿನ ಮೇಲಾಯಿತು. ಸಮೋಸ ಆರಿದವು. ಐದನೆಯ ಪುಟದಲ್ಲಿ ನಾನು ಕಂಪನಿಗೆ ತಿರುಗಿ ಒಪ್ಪಿಸಬೇಕಾದ ಸಾಮಾನುಗಳ ಪಟ್ಟಿ ಇತ್ತು. ಟ್ಯಾಬು ಒಂದು. ಕಾರ್ಡು ಒಂದು. ಟೋಪಿ ಎರಡು. ನಾಲ್ಕನೆಯ ಸಾಲನ್ನು ಬೆರಳಿಟ್ಟು ಮೂರು ಸಲ ಓದಿದೆ. ಬಿಳಿ ಗುರುತು ಮಾಡುವ ಸಾಧನ, ಹಿತ್ತಾಳೆಯದು, ಒಂದು.

‘ಸಾಹೇಬ್ರ, ಇದು ನಮ್ಮ ಅಬ್ಬಾಂದು.’

ಅವರು ಬಗ್ಗಿ ಓದಿದರು. ಮುಖ ಕೆಂಪಾಯಿತು. ‘ಪುಸ್ತಕದಾಗ ಬಂದಿತ್ತಲ್ಲ, ಯಾರೋ ಅಸೆಟ್ ಲಿಸ್ಟ್‌ಗೆ ಸೇರಿಸ್ಯಾರ. ಹೈದರಾಬಾದಿಗೆ ಬರೀತೀನಿ, ನಾಕು ದಿನದಾಗ...’

‘ಬ್ಯಾಡ್ರಿ.’

ಪೆನ್ನಿನಿಂದ ಆ ಸಾಲನ್ನು ಅಡ್ಡ ಹೊಡೆದು ಪಕ್ಕದಲ್ಲಿ ಸಣ್ಣ ಸಹಿ ಹಾಕಿದೆ. ಆರನೆಯ ಪುಟವನ್ನೂ ಪೂರ್ತಿ ಓದಿ, ಕೆಳಗೆ ‘ಲಾಡ್ಲೇಸಾಬ ಬಾಗವಾನ’ ಅಂತ ದುಂಡಗೆ ಬರೆದೆ. ಆಮೇಲೆ ಕಿಸೆಯಿಂದ ಡಬ್ಬಿ ತೆಗೆದು, ಬೆರಳ ತುದಿಗೆ ಸುಣ್ಣ ತಗೊಂಡು ಸಹಿಯ ಪಕ್ಕ ಒಂದು ಬೊಟ್ಟು ಇಟ್ಟೆ.

‘ಇದ್ಯಾಕ್ರೀ?’ ಅಂದರು ಸಾಹೇಬರು.

‘ಓದೀನಿ ಅಂತ ರೀ’ ಅಂದೆ.